ಯಾರ ಬೆರಳಿನ ಅಳತೆ?

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಹೊತ್ತಿಗೆ ಅಫಜಲಪುರ, ಜೇವರ್ಗಿ, ಆಳಂದದ ಸೀಮೆಯಲ್ಲಿ ಕನ್ಯೆ ನೋಡುವ, ಮಾತು ಮುಗಿಸುವ ಓಡಾಟ ಜೋರಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ನಿಶ್ಚಯ, ಬಿಸಿಲು ಏರಿದ ಮೇಲೆ ಮದುವೆ. ನಡುವಿನ ದಿನಗಳಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರಿಗೆ ಬಿಡುವಿಲ್ಲ. ಭೀಮಾ ನದಿಯ ಬ್ಯಾರೇಜಿನಿಂದಾಗಿ ಹೊರಗಿನವರಿಗೂ ಹೆಸರು ಗೊತ್ತಿರುವ ಸೊನ್ನದಲ್ಲಿ ಅಂಥದೊಂದು ಅಂಗಡಿಯ ಕಟ್ಟೆಯ ಮೇಲೆ ನಡೆದ ಮಾತು ಇದು. ಒಬ್ಬರು ಕುಲುಮೆಯ ಮುಂದೆಯೇ ಮುಪ್ಪಾದವರು. ಇನ್ನೊಬ್ಬ ಬೆಂಗಳೂರಿನಲ್ಲಿ ನೌಕರಿ ಮಾಡುವ, ನಿಶ್ಚಯದ ದಿನ ಗೊತ್ತಾಗಿರುವ ಹುಡುಗ. ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹುಡುಗ: ಕಾಕಾ, ಒಂದು ಉಂಗುರ ಆಗಬೇಕು. 12 ನಂಬರು, 3 ಗ್ರಾಮಿನಾಗ. ಆದ್ರ ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ.

ಪತ್ತಾರ: ಹೇಳಂಗಿಲ್ಲ. 12 ಅಂತ ನಿನಗ ಯಾರು ಹೇಳಿದ್ರು?

ಹುಡುಗ: ಆಕಿ ತಂಗಿ ಕಡಿಂದ ಆಕಿ ಉಂಗುರದ ಫೋಟೋ ತರಿಸೀನಿ. ಸ್ಕೇಲ್ ಮ್ಯಾಲ ಇಟ್ಟು ತೆಗೆದದ್ದು. ಒಳಗಿನ ಅಗಲ ಹದಿನಾರೂವರೆ ಮಿಲಿಮೀಟರ್. ಮೊಬೈಲ್‌ನಾಗ ಪಟ್ಟಿ ಅದ, ನೋಡ್ರಿ, 16.5 ಅಂದ್ರ 12.

ಪತ್ತಾರ: ಪಟ್ಟಿ ತಪ್ಪಿಲ್ಲ. ಸ್ಕೇಲ್ ಮ್ಯಾಲ ಅರ್ಧ ಗೆರಿ ನಿನಗ ಕಾಣ್ತದೇನು?

ಹುಡುಗ: ಅಂದಾಜಿಗಿ ಕಾಣ್ತದ.

ಪತ್ತಾರ: ಆ ಅಂದಾಜಿನಾಗೇ ಉಂಗುರ ಕೆಡ್ತದ ತಮ್ಮಾ. ನಮ್ಮ ದೇಶದ ನಂಬರಿನಾಗ ಒಂದಕ್ಕೂ ಇನ್ನೊಂದಕ್ಕೂ ಫರಕು ಎಷ್ಟು? ಒಳಗಿನ ಸುತ್ತಳತಿಯಾಗ ಒಂದು ಮಿಲಿಮೀಟರ್. ನಂಬರಿಗಿ 40 ಕೂಡಿಸಿದ್ರ ಸುತ್ತಳತಿ ಬರ್ತದ. 12 ಅಂದ್ರ ಹೆಚ್ಚೂಕಮ್ಮಿ 52 ಮಿಲಿಮೀಟರ್, 13 ಅಂದ್ರ 53. ಈಗ ನೀ ಓದಿದಾಂವ, ಲೆಕ್ಕ ಮಾಡು. ಸುತ್ತಿನಾಗ ಒಂದು ಮಿಲಿಮೀಟರ್ ಅಂದ್ರ ಅಗಲದಾಗ ಎಷ್ಟಾಯ್ತು?

ಹುಡುಗ: 3.14ರಿಂದ ಭಾಗಿಸಬೇಕು. 0.32.

ಪತ್ತಾರ: ಒಂದು ಗೆರಿಯ ಮೂರನೇ ಒಂದು ಪಾಲು. ಅಂದ್ರ ಸ್ಕೇಲಿನಾಗ ಒಂದು ಗೆರಿ ತಪ್ಪಿ ಓದಿದ್ರ ಮೂರು ನಂಬರು ತಪ್ಪಿದಂಗ. ಅರ್ಧ ಗೆರಿ ತಪ್ಪಿದ್ರ ಒಂದೂವರೆ ನಂಬರು. ಅದರಾಗ ಫೋಟೋ ಸ್ವಲ್ಪ ವಾರಿಯಾಗಿ ತೆಗೆದಿದ್ರಂತೂ ದುಂಡಂದು ಉದ್ದ ಕಾಣ್ತದ.

ಹುಡುಗ: ಹಂಗಾದ್ರ ಅಗಲ ಬಿಟ್ಟು ಸುತ್ತನ್ನೇ ಅಳೀಲಿ. ತಂಗಿಗಿ ದಾರ ತೊಗೊಂಡು ಬೆರಳಿಗಿ ಸುತ್ತು ಅಂತ ಹೇಳ್ತೀನಿ.

ಪತ್ತಾರ: ದಾರ ಜಗ್ಗಿದಂಗೆಲ್ಲಾ ಉದ್ದ ಆಗ್ತದ. ಜಗ್ಗಿ ಹಿಡಿದು ಸುತ್ತಿ, ಬಿಟ್ಟು ಅಳೆದ್ರ ಕಮ್ಮಿ ಬರ್ತದ. ಸಡ್ಲ ಸುತ್ತಿದ್ರ ಜಾಸ್ತಿ. ಅದಕ್ಕಿಂತ ಕಾಗದದ ಪಟ್ಟಿ ನೆಟ್ಟಗ. ಅಗಲ ಕಮ್ಮಿ ಇರಲಿ, ಉಂಗುರದ ಅಗಲ ಎಷ್ಟೋ ಅಷ್ಟೇ. ಆದ್ರೂ ಒಂದು ಕೇಳ್ತೀನಿ. ಫೋಟೋದಾಗಿನ ಉಂಗುರ ಆಕಿ ಯಾವ ಬೆರಳಿಗಿ ಹಾಕ್ತಾಳ?

ಹುಡುಗ: ಅದು... ಕೇಳಿಲ್ಲ.

ಪತ್ತಾರ: ಯಾವ ಕೈ?

ಹುಡುಗ: ಅದೂ ಕೇಳಿಲ್ಲ.

ಪತ್ತಾರ: ದಿನಾ ಹಾಕ್ತಾಳೋ, ಬಿಗಿ ಆಗ್ಯಾದಂತ ಪೆಟ್ಟಿಗ್ಯಾಗ ಇಟ್ಟಾಳೋ?

ಹುಡುಗ ಸುಮ್ಮನಾದ. ಕದ್ದು ತರುವ ಅಳತೆಯ ದೊಡ್ಡ ತೊಡಕು ಇದೇ ಎಂದು ನನಗೆ ಆಗ ಹೊಳೆಯಿತು. ಸಂಖ್ಯೆಯೊಂದು ಕೈಗೆ ಸಿಗುತ್ತದೆ, ಅದರ ಹಿಂದಿನ ಸಂಗತಿಗಳು ಆಕೆಯ ಹತ್ತಿರವೇ ಉಳಿಯುತ್ತವೆ. ನಡುಬೆರಳಿನ ಉಂಗುರವನ್ನು ಅಳೆದು ಉಂಗುರ ಬೆರಳಿಗೆ ಮಾಡಿಸಿದರೆ ಪಟ್ಟಿ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ. ಬಲಗೈಯವರಿಗೆ ಬಲಗೈ ಬೆರಳುಗಳು ಸಾಮಾನ್ಯವಾಗಿ ಒಂದಿಷ್ಟು ದಪ್ಪ. ಎಡಗೈಗೆ ಸರಿಯಾದದ್ದು ಬಲಗೈಗೆ ಬಿಗಿಯಾಗುವುದು ಹೊಸದೇನಲ್ಲ. ಆದರೆ ಹುಡುಗ ಸೋತು ಎದ್ದು ಹೋಗುವ ಜಾಯಮಾನದವನಲ್ಲ.

ಹುಡುಗ: ಕಾಕಾ, ನೀವು ಹೇಳೋದೆಲ್ಲಾ ಖರೆ ಅದ. ಆದ್ರ ನೀವು ನಂಬರಿನ ಬಗ್ಗೆ ಹಿಂಗ ಮಾತಾಡೋದು ನನಗ ಒಪ್ಪಿಗಿ ಆಗಂಗಿಲ್ಲ. ನಂಬರು ಇರೋದ್ರಿಂದನೇ ನಾ ಬೆಂಗಳೂರಿನಾಗ ಕುಂತು ಸೊನ್ನದಾಗ ಉಂಗುರ ಮಾಡಿಸಬಹುದು.

ಪತ್ತಾರ: ಯಾವ ದೇಶದ ನಂಬರು? ಅಮೆರಿಕಾದಾಗಿರೋ ಒಬ್ಬರು ಫೋನ್ ಮಾಡಿ 7 ನಂಬರು ಅಂದ್ರ ನಾ ಯಾವ 7 ಹಿಡೀಬೇಕು? ನಮ್ಮ 7 ಅಂದ್ರ 47 ಮಿಲಿಮೀಟರ್ ಸುತ್ತು, ಸಣ್ಣ ಹುಡುಗಿ ಬೆರಳು. ಅವರ 7 ನಮ್ಮ 14ರ ಹತ್ತಿರ ಬರ್ತದ. ಇಂಗ್ಲೆಂಡಿನವರು ನಂಬರೇ ಬಿಟ್ಟು ಅಕ್ಷರ ಹೇಳ್ತಾರ.

ಹುಡುಗ: ಅದಕ್ಕೇ ಅಂತರರಾಷ್ಟ್ರೀಯ ಮಾನಕ ಅದ, ಐಎಸ್‌ಒ 8653. ಅದರಾಗ ಉಂಗುರದ ಅಳತಿ ಅಂದ್ರ ಒಳಸುತ್ತಳತಿಯ ಮಿಲಿಮೀಟರ್, ಅಷ್ಟೇ. ನಂಬರು ಅಕ್ಷರ ಎಲ್ಲಾ ಬಿಟ್ಟು 53 ಮಿಲಿಮೀಟರ್ ಅಂತ ಹೇಳಿದ್ರ ಸೊನ್ನಕ್ಕೂ ಲಂಡನ್ನಿಗೂ ಒಂದೇ.

ಪತ್ತಾರ: ಹಂಗ ಹೇಳು. ಮಿಲಿಮೀಟರ್ ಹೇಳಿದ್ರ ನನಗ ತಕರಾರಿಲ್ಲ.

ಹುಡುಗ: ಮೊಬೈಲ್ ಪರದಿ ಮ್ಯಾಲೂ ಅಳೀಬಹುದು. ಉಂಗುರ ಇಟ್ಟು ವೃತ್ತ ಹೊಂದಿಸೋದು. ಮೊದಲು ಬ್ಯಾಂಕ್ ಕಾರ್ಡ್ ಇಟ್ಟು ಪರದಿಯ ಅಳತಿ ಸರಿ ಮಾಡ್ಕೋಬೇಕು. ಎಲ್ಲಾ ಬ್ಯಾಂಕಿನ ಕಾರ್ಡೂ 85.6 ಮಿಲಿಮೀಟರ್ ಉದ್ದನೇ ಇರ್ತಾವ.

ಪತ್ತಾರ: ಅದು ಚಲೋ ಉಪಾಯ. ಆದ್ರ ಅಲ್ಲೂ ನೀ ಅಳಿಯೋದು ಉಂಗುರನೇ, ಬೆರಳಲ್ಲ. ಇಲ್ಲಿ ಬಾ.

ಅವರು ಗೋಡೆಯ ಮೊಳೆಗೆ ತೂಗಿಸಿದ್ದ, ನಂಬರು ಕೆತ್ತಿದ ಅಳತೆಯ ಉಂಗುರಗಳ ಗೊಂಚಲನ್ನು ತೆಗೆದು ಹುಡುಗನ ಕೈಯನ್ನೇ ಎಳೆದುಕೊಂಡರು. ಒಂದೊಂದಾಗಿ ಬೆರಳಿಗೆ ಹಾಕಿ ತೆಗೆದು ತೋರಿಸಿದ ಪಾಠ ಅರ್ಧ ತಾಸು ನಡೆಯಿತು. ಪುಸ್ತಕದಲ್ಲಿ ಸುಲಭಕ್ಕೆ ಸಿಗದ ಮಾತುಗಳಿವು.

ಪತ್ತಾರ: ಇದು 19. ಗೆಣ್ಣು ದಾಟಲಿಲ್ಲ. ಇದು 20, ಗೆಣ್ಣಿನ ಹತ್ತಿರ ಒಂದೀಟು ತಡೆದು ದಾಟಿತು, ಬುಡಕ್ಕ ಬಂದು ಕುಂತಿತು. ತಗೀವಾಗ ಒಂದು ಸಣ್ಣ ಜಗ್ಗು ಬೇಕು. ಇದೇ ಸರಿ ಅಳತಿ. ಸಲೀಸಾಗಿ ಬಂದ್ರ ಸಡ್ಲ. ಕೈ ಕೆಳಗ ಬಿಟ್ಟು ಝಾಡಿಸಿದ್ರ ಅಲುಗಬಾರದು.

ಹುಡುಗ: ಅಂದ್ರ ಅಳೀಬೇಕಾದ್ದು ಗೆಣ್ಣೋ, ಬುಡನೋ?

ಪತ್ತಾರ: ಎರಡೂ. ಗೆಣ್ಣು ದಪ್ಪ, ಬುಡ ತೆಳು ಇದ್ದವರೇ ಕಷ್ಟದ ಗಿರಾಕಿಗಳು. ಕೂಲಿ ಮಾಡಿ, ಕಳೆ ತೆಗೆದು, ಕಟ್ಟಿಗಿ ಒಡೆದ ಕೈಗಳ ಗೆಣ್ಣು ದಪ್ಪ ಇರ್ತಾವ. ವಯಸ್ಸಾದ ಮ್ಯಾಲ ಕೀಲುನೋವು ಬಂದವರದೂ ಹಂಗೇ. ಬುಡಕ್ಕ ಸರಿ ಮಾಡಿದ್ರ ಗೆಣ್ಣು ದಾಟಂಗಿಲ್ಲ, ಗೆಣ್ಣಿಗಿ ಸರಿ ಮಾಡಿದ್ರ ಬುಡದಾಗ ಉಂಗುರ ತಿರುಗಿ ಹರಳು ಕೆಳಗ ಆಗ್ತದ. ಅಂಥವರಿಗಿ ಗೆಣ್ಣಿನ ಅಳತಿಗೇ ಮಾಡಿ, ಒಳಗ ಕೆಳಭಾಗದಾಗ ಎರಡು ಸಣ್ಣ ಬಂಗಾರದ ಗುಂಡು ಕೂಡಿಸ್ತೀನಿ. ಅವು ಬುಡದಾಗ ಒತ್ತಿ ಹಿಡೀತಾವ. ಇನ್ನೊಂದು, ಪಟ್ಟಿ ಅಗಲ ಆದಂಗೆಲ್ಲಾ ಬಿಗಿ ಜಾಸ್ತಿ. 2 ಮಿಲಿಮೀಟರ್ ಅಗಲದ ಉಂಗುರ 13ಕ್ಕ ಸರಿ ಬಂದವರಿಗೂ 6 ಮಿಲಿಮೀಟರ್ ಅಗಲದ ಪಟ್ಟಿ ಉಂಗುರ ಅರ್ಧ ನಂಬರಾದ್ರೂ ಹೆಚ್ಚಿಗಿ ಬೇಕಾಗ್ತದ.

ಹುಡುಗ: ಮತ್ತ ಹೊತ್ತು? ಬೆಳಿಗ್ಗಿ ಅಳೀಬೇಕೋ, ಸಂಜಿಗೋ?

ಪತ್ತಾರ: ಛಳ್ಯಾಗ, ನಸುಕಿನಾಗ ಬೆರಳು ಸಣ್ಣಗಾಗ್ತಾವ. ಬಿಸಿಲಿಗಿ ಬಾಯ್ತಾವ. ಅದಕ್ಕ ಸಂಜಿಕಡಿ, ಮೈ ಬೆಚ್ಚಗ ಇದ್ದಾಗ ಒಮ್ಮೆ, ಮತ್ತೊಂದು ದಿನ ಒಮ್ಮೆ ಅಳೆದ್ರ ಚಲೋ. ನಿನ್ನ ನಿಶ್ಚಯ ಛಳ್ಯಾಗ, ಮದುವಿ ವೈಶಾಖದಾಗ. ಕಲಬುರಗಿ ಬಿಸಿಲು ನಿನಗ ಗೊತ್ತೇ ಅದ, 40 ಡಿಗ್ರಿ ದಾಟ್ತದ. ನಿಶ್ಚಯದ ದಿನ ಸಲೀಸು ಹೋದ ಉಂಗುರ ಅಕ್ಷತಿ ದಿನ ಒತ್ತಲಾಕತ್ತೀತು.

ಹುಡುಗ: ಹೌದು, ಸೆಕಿಗಿ ಚರ್ಮದ ರಕ್ತನಾಳ ಹಿಗ್ಗಿ ಮೈಯೊಳಗಿನ ಬಿಸಿ ಹೊರಗ ಹಾಕ್ತಾವ, ಆ ಹೊತ್ತಿನಾಗ ನೀರಿನಂಶ ಬೆರಳಿನಾಗ ಇಳೀತದ. ಉಪ್ಪು ಜಾಸ್ತಿ ತಿಂದ್ರೂ ಬಾಯ್ತಾವಂತ. ಬಸಿರಿದ್ದಾಗಂತೂ ಬಹಳ ಮಂದಿ ಉಂಗುರ ತೆಗೆದಿಡಬೇಕಾಗ್ತದ.

ಪತ್ತಾರ: ನೋಡು, ನೀನೇ ಹೇಳ್ದಿ. ಅದಕ್ಕೇ ನಾವು ಒಂದು ಅರ್ಧ ನಂಬರು ಸಡ್ಲೇ ಮಾಡ್ತಿದ್ವಿ. ಇವತ್ತಿನ ಬೆರಳಿಗಷ್ಟೇ ಮಾಡಿದ್ರ ಹತ್ತು ವರ್ಷಕ್ಕ ಬ್ಯಾಡಾಗ್ತದ. ಸಡ್ಲಾದ್ರ ಕೆಳಗ ನಾಲ್ಕು ಸುತ್ತು ದಾರ ಸುತ್ತಿದ್ರ ಮುಗೀತು.

ಹುಡುಗ: ಇದನ್ನ ಮಾತ್ರ ನಾ ಒಪ್ಪಂಗಿಲ್ಲ ಕಾಕಾ. ನಮ್ಮ ಆಯಿ ಉಂಗುರಕ್ಕ ನಾ ಹುಟ್ಟಿದಾಗಿಂದ ದಾರ ಸುತ್ತೇ ಇತ್ತು. ಕರ್ರಗ, ಹಿಟ್ಟು ಮೆತ್ತಿ, ನೀರು ಕುಡಿದು ಅಲ್ಲೇ ಬೆರಳಿಗಿ ಕಜ್ಜಿ ಆಗಿತ್ತು. ಅಳತಿಗಿ ಸರಿಯಾಗಿ ಮಾಡಿಸೋ ತ್ರಾಸು ಯಾರೂ ತೊಗೊಳ್ಳಲಿಲ್ಲ, ದಾರ ಸುತ್ತಿ ಕೊಟ್ರು. ಉಂಗುರ ಆಕಿಗಂತ ಮಾಡಿಸಿದ್ದೇ ಆಗಿದ್ರ ಆ ದಾರ ಯಾಕ ಬೇಕಾಗ್ತಿತ್ತು?

ಪತ್ತಾರ: ಖರೆ. ಆವಾಗ ನಮ್ಮ ಹತ್ತಿರ ಬಂದವರು ಕೇಳ್ತಿದ್ದದ್ದು ಅಳತಿ ಅಲ್ಲ, ತೂಕ. ಅರ್ಧ ತೊಲಿ ಉಂಗುರ ಮಾಡು ಅಂತ ಹಿರಿಯರು ಬಂದು ಹೇಳಿ ಹೋಗ್ತಿದ್ರು. ಯಾರ ಬೆರಳಿಗಿ ಅಂತ ಕೇಳಿದ್ರ, ಹೆಣ್ಣುಮಕ್ಕಳ ಅಳತಿಗಿ ಮಾಡು ಅಂತಿದ್ರು. ಹೆಣ್ಣುಮಕ್ಕಳ ಅಳತಿ ಅಂತ ಒಂದು ಅಳತಿ ಎಲ್ಲ್ಯಾದ?

ಹುಡುಗ: ಹಂಗಾದ್ರ ನೀವ್ಯಾಕ ಕೇಳಲಿಲ್ಲ?

ಪತ್ತಾರ: ಕೇಳಿದ್ರ, ನಿಶ್ಚಯಕ್ಕಿಂತ ಮೊದಲು ಹುಡುಗಿ ಕೈ ಹಿಡಿಯೋದು ಹೆಂಗ ಅಂತಿದ್ರು. ಬಳಿಗಾರ ಹಿಡೀಬಹುದು, ಪತ್ತಾರ ಹಿಡಿಬಾರದು. ಆದ್ರ ತೂಕದ ಮಾತು ನೀ ಹಗುರ ಮಾಡಬ್ಯಾಡ. 2020ರ ಅಕ್ಟೋಬರಿನಾಗ ಭೀಮಾ ಉಕ್ಕಿ ಬಂದಾಗ ಹೊಲ ಹೋದವರು, ಮನಿ ನೀರಾಗ ನಿಂತವರು ಬೆರಳಿನ ಉಂಗುರ ತೆಗೆದು ಅಡ ಇಟ್ಟಾರ. ಆವತ್ತು ಅದು ಬೆರಳಿಗಿ ಬಿಗಿಯಿತ್ತೋ ಸಡ್ಲಿತ್ತೋ ಯಾರೂ ಕೇಳಲಿಲ್ಲ. ಎಷ್ಟು ಗ್ರಾಂ ಅಂತಷ್ಟೇ ಕೇಳಿದ್ರು. ನಮ್ಮ ಕಡಿ ಹೆಣ್ಣುಮಗಳ ಕೈಯಾಗಿನ ಬಂಗಾರ ಆಕಿ ಕಷ್ಟಕ್ಕ ಇಟ್ಟ ಗಂಟು. ಅಳತಿ ಹಿಂದ ಬಿತ್ತು ಅಂದ್ರ ಅದಕ್ಕೊಂದು ಕಾರಣ ಇತ್ತು.

ಈ ಮಾತಿಗೆ ಹುಡುಗನ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇಲ್ಲ. ಮಳೆಯನ್ನೂ ಹೊಳೆಯನ್ನೂ ನಂಬಿ ಬದುಕುವ ಸೀಮೆಯಲ್ಲಿ ಉಂಗುರ ಮೊದಲು ಆಸ್ತಿ, ಆಮೇಲೆ ಒಡವೆ. ಆದರೂ ದಾರ ಸುತ್ತಿದ ಆಯಿಯ ಬೆರಳನ್ನು ನೆನೆದರೆ ಹುಡುಗನ ಸಿಟ್ಟೂ ನ್ಯಾಯವೇ ಅನಿಸುತ್ತದೆ.

ಹುಡುಗ: ಬಳಿಗಾರನ ಮಾತು ತೆಗೆದ್ರಿ. ಆಕಿ ಬಳಿ ಅಳತಿ ನನಗ ಗೊತ್ತದ, 2-4. ಅದರ ಮ್ಯಾಲ ಉಂಗುರದ ಅಳತಿ ಹೇಳಲಾಕ ಬರ್ತದೇನು?

ಪತ್ತಾರ: ಬರಂಗಿಲ್ಲ. 2-4 ಅಂದ್ರ ಎರಡು ಇಂಚು ನಾಲ್ಕಾಣಿ. ಹಳೇ ರೂಪಾಯಿಗಿ ಹದಿನಾರಾಣಿ ಇದ್ದಂಗ ಇಂಚಿಗೂ ಹದಿನಾರು ಪಾಲು. ನಾಲ್ಕು ಪಾಲು ಅಂದ್ರ ಕಾಲು ಇಂಚು, ಒಟ್ಟು ಎರಡೂ ಕಾಲು ಇಂಚು ಒಳಗಿನ ಅಗಲ. ಬಳಿ ಹಾಕುವಾಗ ಹೆಬ್ಬೆರಳು ಒಳಗ ಮಡಚಿ ಅಂಗೈ ಕುಗ್ಗಿಸ್ತಾರ. ಕೈ ಮೆತ್ತಗಿದ್ದಾಕಿ ಸಣ್ಣ ಬಳಿ ಹಾಕ್ತಾಳ, ಬಿರುಸು ಕೈಯಾಕಿ ದೊಡ್ಡದು ಕೇಳ್ತಾಳ. ಬೆರಳಿನ ಗೆಣ್ಣು ಕುಗ್ಗಂಗಿಲ್ಲ. ಎರಡಕ್ಕೂ ಸಂಬಂಧ ಇಲ್ಲ. ಆದ್ರ ನೋಡು, ಪ್ರತಿ ಹೆಣ್ಣುಮಗಳಿಗೂ ತನ್ನ ಬಳಿ ಅಳತಿ ಬಾಯಾಗಿರ್ತದ. ಉಂಗುರದ ಅಳತಿ ಕೇಳಿದ್ರ ಬಹಳ ಮಂದಿಗಿ ಗೊತ್ತಿರಂಗಿಲ್ಲ. ಬಳಿಗಾರ ಜೀವನಪೂರ್ತಿ ಆಕಿ ಕೈ ಹಿಡಿದು ಅಳೆದಾನ, ನಾವು ಅಳೆದಿಲ್ಲ.

ಹುಡುಗ: ಹಂಗಾದ್ರ ಸರಿ ಅಳತಿ ಸಿಗೋತನಕ ಕಾಯೋದ್ಯಾಕ? ಅಂದಾಜಿಗಿ 13 ಮಾಡ್ರಿ. ಕಮ್ಮಿಜಾಸ್ತಿ ಆದ್ರ ಆಮೇಲೆ ಸರಿ ಮಾಡಿದ್ರಾಯ್ತು. ಅಂಗಡ್ಯಾಗೆಲ್ಲಾ ಮಾಡಿಕೊಡ್ತಾರ.

ಪತ್ತಾರ: ಮಾಡಬಹುದು. ದೊಡ್ಡದು ಮಾಡಬೇಕಂದ್ರ ಹಿಂದ ಕೊಯ್ದು, ಅದೇ ಕ್ಯಾರಟಿನ ಬಂಗಾರದ ತುಂಡು ಕೂಡಿಸಿ ಬೆಸಿಯಬೇಕು. ಸಣ್ಣದು ಮಾಡಬೇಕಂದ್ರ ಒಂದು ತುಂಡು ಕೊಯ್ದು ತೆಗೆದು ಬೆಸಿಯಬೇಕು. 3 ಗ್ರಾಂ ಉಂಗುರಕ್ಕ ಒಂದು ನಂಬರು ಹೆಚ್ಚು ಮಾಡಲಾಕ ಬೇಕಾಗೋ ಬಂಗಾರ ಎಷ್ಟು ಗೊತ್ತದೇನು? ಸುಮಾರು 50 ಮಿಲಿಗ್ರಾಂ. ಅರ್ಧ ಗುಂಜಿ ತೂಕನೂ ಇಲ್ಲ. ಖರ್ಚು ಬಂಗಾರದ್ದಲ್ಲ, ಮಜೂರಿದು. ಆದ್ರ ಸುತ್ತಲೂ ಹರಳು ಕೂಡಿಸಿದ ಉಂಗುರ ತಂದಿ ಅಂದ್ರ ನಾ ಮುಟ್ಟಂಗಿಲ್ಲ, ಕೊಯ್ಯಲಾಕ ಜಾಗನೇ ಇರಂಗಿಲ್ಲ. ಮೀನಾಕಾರಿ ಇದ್ರ ಬೆಂಕಿ ತಾಗಿ ಬಣ್ಣ ಹೋಗ್ತದ. ಎರಡು ನಂಬರಿಗಿಂತ ಹೆಚ್ಚು ಬದಲು ಮಾಡಿದ್ರ ಮ್ಯಾಲಿನ ಹರಳಿನ ಹಿಡಿತ ಸಡ್ಲ ಬೀಳ್ತದ. ಸಾದಾ ಉಂಗುರಕ್ಕ ನಿನ್ನ ಮಾತು ನಡೀತದ, ಸುತ್ತಲೂ ಹರಳಿರೋ ಉಂಗುರಕ್ಕ ನಡಿಯಂಗಿಲ್ಲ.

ಹುಡುಗ: ಕೊಯ್ದ್ರ ಹಾಲ್‌ಮಾರ್ಕ್ ಗುರುತು ಹೋಗಂಗಿಲ್ಲೇನು?

ಪತ್ತಾರ: ಗುರುತು ಎಲ್ಲ್ಯಾದ ಅಂತ ಭೂತಗನ್ನಡಿ ಹಿಡಿದು ನೋಡಿ, ಅದನ್ನ ಬಿಟ್ಟು ಕೊಯ್ಯಬೇಕು. ಆ ಎಚ್ಚರ ಇಲ್ಲದವರ ಕೈಯಾಗ ಕೊಡಬಾರದು.

ಹುಡುಗ: ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪ್ಯಾಟಿ ಅಂಗಡಿ ಉಂಗುರದಾಗ ಬಿಐಎಸ್ ಗುರುತು, ಆರು ಅಕ್ಷರದ ಎಚ್‌ಯುಐಡಿ ಇರ್ತದ. ಮೊಬೈಲ್‌ನಾಗ ಹಾಕಿ ನೋಡಿದ್ರ ಯಾರು ಹಾಲ್‌ಮಾರ್ಕ್ ಮಾಡಿಸಿದ್ದು, ಎಷ್ಟು ಶುದ್ಧ ಎಲ್ಲಾ ಬರ್ತದ. 2023ರ ಏಪ್ರಿಲ್ 1ರಿಂದ ಅದು ಇಲ್ಲದೆ ಹಾಲ್‌ಮಾರ್ಕ್ ಒಡವಿ ಮಾರಂಗಿಲ್ಲ. ನೀವು ಮಾಡಿದ್ದಕ್ಕ ಏನು ಗುರುತು?

ಪತ್ತಾರ: ವರ್ಷಕ್ಕ 40 ಲಕ್ಷದೊಳಗಿನ ವ್ಯಾಪಾರದವರಿಗಿ ಕಡ್ಡಾಯ ಇಲ್ಲ. 2 ಗ್ರಾಮಿಗಿಂತ ಕಮ್ಮಿ ತೂಕದ ಒಡವಿಗೂ ಇಲ್ಲ.

ಹುಡುಗ: ಕಡ್ಡಾಯ ಇಲ್ಲ ಅನ್ನೋದು ನಿಮಗ ಅನುಕೂಲ. ತೊಗೊಳ್ಳೋರಿಗಿ ಏನು ಅನುಕೂಲ? ನಾಳೆ ಆಕಿ ಕಷ್ಟಕ್ಕ ಅಡ ಇಡಲಾಕ ಹೋದ್ರ, ಗುರುತಿಲ್ಲ ಅಂತ ರೊಕ್ಕ ಕಮ್ಮಿ ಕೊಡ್ತಾರ. ತೂಕನೇ ದೊಡ್ಡದು ಅಂತ ನೀವೇ ಹೇಳಿದ್ರಿ. ಶುದ್ಧ ಎಷ್ಟು ಅಂತ ಗೊತ್ತಿಲ್ಲದ ತೂಕಕ್ಕ ಏನು ಬೆಲಿ?

ಪತ್ತಾರರು ಸ್ವಲ್ಪ ಹೊತ್ತು ಚಿಮಟವನ್ನು ತಿರುಗಿಸುತ್ತ ಕುಳಿತರು.

ಪತ್ತಾರ: ಇದು ನಿನ್ನ ಗೆಲುವು. ಶುಲ್ಕ ಕಟ್ಟಿದ್ರ ಪರೀಕ್ಷಾ ಕೇಂದ್ರದಾಗ ಯಾರ ಬಂಗಾರನಾದ್ರೂ ನೋಡಿ ಕೊಡ್ತಾರ. ಒಯ್ದು ತೋರಿಸು, ಆಮೇಲೆ ರೊಕ್ಕ ಕೊಡು. ಆದ್ರ ಅಳತಿ ವಿಷಯದಾಗ ನಾ ಬಿಡಂಗಿಲ್ಲ. ಅವರ ಗುರುತು ಬಂಗಾರ ಎಷ್ಟು ಶುದ್ಧ ಅಂತ ಹೇಳ್ತದ. ಆಕಿ ಬೆರಳಿಗಿ ಕುಂದರ್ತದೋ ಇಲ್ಲೋ ಅಂತ ಹೇಳಂಗಿಲ್ಲ.

ಹುಡುಗ: ಅಳತಿನೇ ಬ್ಯಾಡ ಅನ್ನೋ ದಾರಿನೂ ಅದ. ಕಾಲುಂಗುರದಂಗ ಹಿಂದ ತೆರೆದಿರೋ ಉಂಗುರ ಮಾಡಿದ್ರ? ಒತ್ತಿದ್ರ ಬಿಗಿ, ಅಗಲಿಸಿದ್ರ ಸಡ್ಲ.

ಪತ್ತಾರ: ಕಾಲುಂಗುರ ಬೆಳ್ಳಿದು, ದಪ್ಪ. ಒಮ್ಮೆ ಹಾಕಿದ್ರ ಬಹಳ ತೆಗೆಯಂಗಿಲ್ಲ. ಕೈ ಉಂಗುರ ದಿನಕ್ಕ ನಾಲ್ಕು ಸಲ ತಗಿಯೋದು. ಬಂಗಾರ ಮೇಲಿಂದ ಮ್ಯಾಲ ಬಗ್ಗಿಸಿದ್ರ ಅಲ್ಲೇ ಸೀಳ್ತದ. ತೆರೆದ ತುದಿ ಸೀರಿ ಸೆರಗಿಗಿ, ತಲಿಗೂದಲಿಗಿ ಸಿಕ್ಕೋತದ. ದಪ್ಪ ಮಾಡಿದ್ರ ನಡೀತದ, ಆವಾಗ ನಿನ್ನ 3 ಗ್ರಾಂ ಸಾಲಂಗಿಲ್ಲ.

ಹುಡುಗ: ಆಕಿ ಶಾಲಿಗಿ ಕಲಿಸಲಾಕ ಹೋಗ್ತಾಳ. ನಾಲ್ಕು ಸಲ ಯಾಕ ತೆಗೀತಾಳ?

ಪತ್ತಾರ: ರೊಟ್ಟಿ ಬಡಿಯೋದು ಬಿಡ್ತಾಳೇನು? ಜೋಳದ ಹಿಟ್ಟು ಹರಳಿನ ಬುಡದಾಗ ಹೊಕ್ಕು ಗಟ್ಟಿ ಆಗ್ತದ. ಹಿಟ್ಟು ನಾದುವಾಗ ತೆಗಿಯಲೇಬೇಕು.

ಹುಡುಗ: ಬೆಂಗಳೂರಿನಾಗ ರೊಟ್ಟಿ ಬಡಿಯೋದು ನಾ ಕಲ್ತೀನಿ. ಅದಿರಲಿ. ಕಾಕಾ, ನಿಮಗ ನನ್ನ ಮಾತು ಯಾಕ ಪಟಾಯಿಸವಲ್ದು ಅಂತ ನನಗ ಗೊತ್ತಾಗ್ಲಕತ್ತದ. ಕೇಳದೆ ಮಾಡಿಸೋದು ನಿಮಗ ಸೇರಂಗಿಲ್ಲ. ಆದ್ರ ನನ್ನದೂ ಕೇಳ್ರಿ. ನಮ್ಮ ಮದುವಿ ಗೊತ್ತು ಮಾಡಿದವರು ಹಿರಿಯರು. ಯಾದಿ ಬರೆದವರು ಹಿರಿಯರು. ಸೀರಿ ಆರಿಸಿದವರು ನಮ್ಮತ್ತಿ. ಆಕಿಗೂ ನನಗೂ ನಡುವ, ಬ್ಯಾರೆ ಯಾರ ಕೈಯೂ ಸೋಕದ ಒಂದು ವಸ್ತು ಇರಲಿ ಅಂತ ನನ್ನ ಆಸಿ. ಅಳತಿ ಕೇಳಲಾಕ ಹೋದ್ರ ಆಕಿ ಅವ್ವಗ ಗೊತ್ತಾಗಿ, ನಮ್ಮವ್ವಗ ಗೊತ್ತಾಗಿ, ಎಷ್ಟು ಗ್ರಾಂ, ಯಾವ ಅಂಗಡಿ ಅಂತ ಎರಡೂ ಮನ್ಯಾಗ ಮಾತು ಶುರು ಆಗ್ತದ.

ಪತ್ತಾರ: ಆಕಿಗೇ ಕೇಳು. ಅವರ ಅವ್ವಗ್ಯಾಕ ಕೇಳ್ತಿ?

ಹುಡುಗ: ಕೇಳಿದ್ರ ಆಕಿಗಿ ಮೊದಲೇ ತಿಳೀತದ. ನಿಶ್ಚಯದ ದಿನ ಅನಿರೀಕ್ಷಿತ ಕೊಡೋದ್ರಾಗ ಒಂದು ಖುಷಿ ಅದ ಕಾಕಾ.

ಪತ್ತಾರ: ಇರಲಿ. ಆದ್ರ ಆ ಉಂಗುರ ಗೆಣ್ಣಿಗಿ ಸಿಕ್ಕು, ನೂರು ಮಂದಿ ಮುಂದ ನೀ ಒತ್ತಿ, ಆಕಿ ನೋವು ನುಂಗ್ಕೊಂಡು ನಿಂತಾಗ ಯಾರ ಖುಷಿ ಅದು? ನಾ ಅಂಥವು ಕಂಡೀನಿ. ಮುಂದ ವಾರದಾಗ ಬೆರಳು ಬಾತು ನನ್ನ ಹತ್ತಿರ ಬರ್ತಾರ. ಸೋಪು ಹಚ್ಚಿ, ಕೈ ಮ್ಯಾಲೆತ್ತಿ, ತಣ್ಣೀರಾಗಿಟ್ಟು ನೋಡ್ತೀನಿ. ಆಗಲಿಲ್ಲಂದ್ರ ದಾರದ ಒಂದು ತುದಿ ಉಂಗುರದ ಕೆಳಗಿಂದ ತೂರಿಸಿ, ಉಂಗುರದ ಅಂಚಿನಿಂದ ಗೆಣ್ಣು ದಾಟೋತನಕ ಒತ್ತೊತ್ತಾಗಿ ಸುತ್ತಿ, ತೂರಿಸಿದ ತುದಿ ಹಿಡಿದು ಬಿಚ್ಚಕೋತ ಬಂದ್ರ ಉಂಗುರ ಮುಂದ ಜರುಗ್ತದ. ಅದಕ್ಕೂ ಬಗ್ಗಲಿಲ್ಲಂದ್ರ ಕೊಯ್ಯಬೇಕು. ಬೆರಳು ನೀಲಿ ತಿರುಗಿ ಜೋಮು ಹಿಡಿದಿದ್ರ ನನ್ನ ಹತ್ತಿರ ಬರಬಾರದು, ನೆಟ್ಟಗ ದವಾಖಾನಿಗಿ ಹೋಗಬೇಕು.

ಹುಡುಗ: ಬಿಗಿ ಆಗಬಾರದಂತ ಸಡ್ಲ ಮಾಡಿಸ್ತೀನಿ ಅಂದ್ರ ಅದಕ್ಕೂ ನೀವೇ ಹೇಳ್ರಿ.

ಪತ್ತಾರ: ಸಡ್ಲ ಉಂಗುರದ ಕಥಿ ನಿನಗ ಗೊತ್ತಿಲ್ಲೇನು? ಶಕುಂತಲಾ ನಾಟಕ ನೋಡಿಲ್ಲ? ಶಚೀತೀರ್ಥದ ನೀರಾಗ ಉಂಗುರ ಬಿದ್ದು ಮೀನಿನ ಹೊಟ್ಟ್ಯಾಗ ಹೋಯ್ತು.

ಹುಡುಗ: ಅದು ದೂರ್ವಾಸನ ಶಾಪ, ಕಾಕಾ.

ಪತ್ತಾರ: ಶಾಪ ದೂರ್ವಾಸಂದು. ಉಂಗುರ ಯಾರದು? ದುಷ್ಯಂತನ ಹೆಸರು ಕೆತ್ತಿದ ಉಂಗುರ, ರಾಜನ ಬೆರಳಿಗಿ ಮಾಡಿದ್ದು. ಊರಿಗಿ ಹೋಗೋ ಅವಸರದಾಗ ತೆಗೆದು ಆಕಿ ಬೆರಳಿಗಿ ಹಾಕ್ದ. ಬಿಲ್ಲು ಹಿಡಿದ ಗಂಡಸಿನ ಬೆರಳಿನ ಉಂಗುರ ಆಶ್ರಮದ ಹುಡುಗಿ ಬೆರಳಿಗಿ ಹೆಂಗ ನಿಲ್ತದ? ಅದರಾಗ ತಣ್ಣೀರಿಗಿ ಬೆರಳು ಇನ್ನೂ ಸಣ್ಣಗಾಗ್ತದ. ಗಾಣಗಾಪುರದ ಸಂಗಮದಾಗ ಮುಳುಗೋ ಮುಂಚೆ ಉಂಗುರ ತೆಗೆದು ಸೆರಗಿಗಿ ಕಟ್ಟ್ಕೋರಿ ಅಂತ ಇವತ್ತಿಗೂ ಹೆಣ್ಣುಮಕ್ಕಳಿಗಿ ಹೇಳ್ತೀನಿ. ರಾಜ ಆಕಿನ್ನ ಮರೆತ ಅಂತ ಎಲ್ಲರೂ ಅಳ್ತಾರ. ಪತ್ತಾರ ಆದ ನನಗ, ಆಕಿ ಅಳತಿಗಿ ಒಂದು ಉಂಗುರ ಅಂವ ಮಾಡಿಸಲಿಲ್ಲಲ್ಲಾ ಅಂತನೇ ಕಾಣ್ತದ.

ಕಾಳಿದಾಸನ ನಾಟಕವನ್ನು ಎಷ್ಟೋ ಸಲ ಓದಿದ್ದೇನೆ, ಆ ಉಂಗುರ ಯಾರ ಅಳತೆಯದು ಎಂದು ಕೇಳಿಕೊಂಡಿರಲಿಲ್ಲ. ಇಡೀ ದುಃಖಕ್ಕೆ ಶಾಪವೇ ಕಾರಣವೆಂದು ನಂಬಿಕೊಂಡೇ ಬಂದಿದ್ದೆವು. ಪತ್ತಾರರ ಓದು ಶಾಪವನ್ನು ತಳ್ಳಿಹಾಕುವುದಿಲ್ಲ. ಅದರ ಪಕ್ಕದಲ್ಲಿ ದುಷ್ಯಂತನ ಹೊಣೆಯನ್ನೂ ತಂದಿಡುತ್ತದೆ.

ಹುಡುಗ: ಇಷ್ಟು ಹೇಳ್ದ ಮ್ಯಾಲೂ ನಾ ಒಂದು ಕೇಳ್ತೀನಿ. ಆಕಿಗಿ ಕೇಳಿದ್ರ ಆಕಿ ಏನು ಹೇಳಬಹುದು? ಸಂಕೋಚಕ್ಕ ಬ್ಯಾಡ ಅನ್ನಬಹುದು. ಯಾವುದಾದ್ರೂ ನಡೀತದ್ರಿ ಅನ್ನಬಹುದು. ಕೇಳಿದ ಮಾತ್ರಕ್ಕ ಖರೆ ಉತ್ತರ ಬರ್ತದಂತ ಏನು ಗ್ಯಾರಂಟಿ? ತಾನು ಏನು ಬೇಕಂತ ಹೇಳಲಾಕ ಆಕಿಗಿ ಯಾರಾದ್ರೂ ರೂಢಿ ಮಾಡಿಸ್ಯಾರೇನು?

ಪತ್ತಾರ: ಅದು ನನಗ ಗೊತ್ತಿಲ್ಲ. ನನಗ ಗೊತ್ತಿರೋದು ಒಂದು. ಹೋದ ವಾರ ಆಕಿ ಕಾಕಾ ಇಲ್ಲಿಗಿ ಬಂದಿದ್ರು. ನಿನ್ನ ಉಂಗುರ ಮಾಡಿಸಲಾಕ. ನಿಮ್ಮ ಅಪ್ಪನ್ನ ಕರಕೊಂಡು ಬಂದು, ಅಳಿಯನ ಅಳತಿ 20 ಅಂತ ಬರೆಸಿ ಹೋದ್ರು. ಎರಡು ಸಲ ಕೇಳಿದ್ರು, 20 ಸರಿ ಅದನಾ, ಬಿಗಿ ಆಗಬಾರದು ಅಂತ. ಈಗ ನಿನ್ನ ಬೆರಳಿಗಿ ಹಾಕಿ ನೋಡಿದೆ, ಅದೂ 20ನೇ. ನಿನ್ನ ಬೆರಳಿನ ಅಳತಿ ಕೇಳಲಾಕ ಯಾರಿಗೂ ನಾಚಿಕಿ ಆಗಲಿಲ್ಲ, ಯಾರೂ ಗುಟ್ಟು ಮಾಡಲಿಲ್ಲ. ಆಕಿ ಬೆರಳು ಬಂದ ಕೂಡಲೇ ಫೋಟೋ, ತಂಗಿ, ಅಂದಾಜು, ಗುಟ್ಟು. ಇದು ಯಾವ ನ್ಯಾಯ?

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆಡಿದ ಮಾತು ಮೆತ್ತಗಿತ್ತು, ಆದರೂ ಅದು ಪೂರ್ತಿ ಒಪ್ಪಿಗೆಯಲ್ಲ.

ಹುಡುಗ: ಇವತ್ತು ರಾತ್ರಿ ಆಕಿಗೇ ಫೋನ್ ಮಾಡ್ತೀನಿ. ಉಂಗುರ ಬೆರಳಿಗಿ ಕಾಗದದ ಪಟ್ಟಿ ಸುತ್ತಿ, ಗೆಣ್ಣಿನ ಹತ್ತಿರ ಒಮ್ಮೆ, ಬುಡದಾಗ ಒಮ್ಮೆ, ಸಂಜಿಕಡಿ ಅಳೆದು ಮಿಲಿಮೀಟರಿನಾಗ ಹೇಳು ಅಂತೀನಿ. ಎಂಥಾ ಉಂಗುರ ಅಂತ ಮಾತ್ರ ಹೇಳಂಗಿಲ್ಲ. ಅದಷ್ಟು ನನ್ನದು.

ಪತ್ತಾರ: ಹರಳು ಯಾವ ಬಣ್ಣ ಸೇರ್ತದ ಅಂತನಾದ್ರೂ ಕೇಳು.

ಹುಡುಗ: ಇಲ್ಲ ಕಾಕಾ. ಎಲ್ಲಾ ಕೇಳಿ ಮಾಡಿಸಿದ್ರ ಅದು ನಾ ಕೊಟ್ಟದ್ದು ಹೆಂಗ ಆಗ್ತದ?

ಪತ್ತಾರ: ಎಲ್ಲಾ ನೀನೇ ಆರಿಸಿದ್ರ ಅದು ಆಕಿದು ಹೆಂಗ ಆಗ್ತದ?

ಇಲ್ಲಿಗೆ ಇಬ್ಬರೂ ನಿಂತರು. ಸಾದಾ ಪಟ್ಟಿ, 2 ಮಿಲಿಮೀಟರ್ ಅಗಲ, ಮೇಲೆ ಒಂದೇ ಹರಳು, ಕೊಯ್ದು ಬೆಸೆಯಲು ಹಿಂದೆ ಜಾಗ ಬಿಟ್ಟು ಮಾಡುವುದೆಂದು ತೀರ್ಮಾನವಾಯಿತು. ಅಳತೆ ಬರುವ ತನಕ ಬಂಗಾರ ಕರಗಿಸುವುದಿಲ್ಲ ಎಂದರು ಪತ್ತಾರರು. ಅರ್ಧ ನಂಬರು ಸಡಿಲ ಬಿಡಬೇಕೋ ಬೇಡವೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಹುಡುಗ ಇವತ್ತಿನ ಬೆರಳಿಗೆ ಸರಿಯಾಗಿರಲಿ, ಮುಂದೆ ಬದಲಾದರೆ ಮತ್ತೆ ಬಂದು ಮಾಡಿಸುತ್ತೇನೆ ಎನ್ನುತ್ತಾನೆ. ಮುಂದೆ ಬರುವವರು ಯಾರು, ಆಗ ಈ ಅಂಗಡಿ ಇರುತ್ತದೆಯೋ ಇಲ್ಲವೋ ಎನ್ನುತ್ತಾರೆ ಪತ್ತಾರರು.

ಗುಟ್ಟಾಗಿ ಕೊಡುವ ಹುಡುಗನ ಆಸೆಯನ್ನು ನಾನು ತಪ್ಪೆನ್ನಲಾರೆ. ಎಲ್ಲವನ್ನೂ ಹಿರಿಯರೇ ಗೊತ್ತು ಮಾಡುವ ಮದುವೆಯಲ್ಲಿ ಇಬ್ಬರಿಗಷ್ಟೇ ಸೇರಿದ್ದೊಂದು ಬೇಕೆನ್ನುವುದು ದೊಡ್ಡ ಮಾತು. ಆದರೆ ಅಳತೆಯ ಮಟ್ಟಿಗೆ ನಾನು ಪತ್ತಾರರ ಕಡೆಗೆ. ನಮ್ಮ ಸೀಮೆಯ ಮನೆಗಳಲ್ಲಿ ಈ ವರ್ಷವೂ ಚಾಪೆ ಹಾಸಿ, ಹಿರಿಯರು ಕೂತು ಯಾದಿ ಬರೆಯುತ್ತಾರೆ. ವರನ ಉಂಗುರ ಇಷ್ಟು ಗ್ರಾಂ, ವಧುವಿನ ಉಂಗುರ ಇಷ್ಟು ಗ್ರಾಂ ಎಂದು ಬರೆಯುವ ಆ ಸಾಲುಗಳಲ್ಲಿ ಆಕೆಯ ಬೆರಳಿನ ಅಳತೆಗೂ ಜಾಗ ಬಿಡಿ. ಆಕೆಯನ್ನು ಒಳಗಿನಿಂದ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಿ.